ಅಂಬೋಲಿ ಘಾಟಿನಲ್ಲಿ ಮೆತ್ತಗಾದ ಬ್ರೇಕು, ಮುಂದಿನ ತಿಂಗಳ ಟ್ರ್ಯಾಕ್ ಡೇ

ಪ್ರಶ್ನೆ: ನಾನು ಮುಂಬೈ ಮಾಟುಂಗದಲ್ಲಿರುವವನು, ಮೂಲ ಕುಂದಾಪುರ. ವಯಸ್ಸು 36, ಮನೆಯ ಹೋಟೆಲ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷ 2016ರ ಔಡಿ ಟಿಟಿ ಸೆಕೆಂಡ್‌ಹ್ಯಾಂಡ್ ತಗೊಂಡೆ. 41,000 ಕಿ.ಮೀ. ಓಡಿದೆ. ಮುಂದಿನ ತಿಂಗಳು ಗೆಳೆಯರ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೋಗುವ ಪ್ಲಾನ್ ಇದೆ. ಸ್ಟೇಜ್ 1 ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸಿ ಪವರ್ ಏರಿಸುವುದು), ಏರ್ ಫಿಲ್ಟರ್, ಎಕ್ಸಾಸ್ಟ್ ಮಾಡಿಸದೆ ಹೋದರೆ ದುಡ್ಡು ದಂಡ ಅಂತ ಒಂದು ಗ್ಯಾರೇಜಿನವರು ಹೇಳುತ್ತಾರೆ. ಗೆಳೆಯರು ದೊಡ್ಡ ಬ್ರೇಕ್ ಕಿಟ್ ಹಾಕಿಸು, ಟೈರಿಗೆ ನೈಟ್ರೋಜನ್ ತುಂಬಿಸು ಅಂತಾರೆ. ಟೈರಿನ ಗೀರು ಇನ್ನೂ ಚೆನ್ನಾಗಿದೆ, ಅದರ ಮೇಲೆ 4217 ಅಂತ ಇದೆ. ಪ್ರಾಕ್ಟೀಸ್ ಅಂತ ಭಾನುವಾರ ಬೆಳಗಿನ ಜಾವ ಖಂಡಾಲಾ ಘಾಟ್ ಹತ್ತುತ್ತಿದ್ದೇನೆ. ಇನ್ನೊಂದು ವಿಷಯ. ಎರಡು ತಿಂಗಳ ಹಿಂದೆ ಬೆಳಗಾವಿಯ ಮಾವನ ಮನೆಯಿಂದ ಗೋವಾಕ್ಕೆ ಹೋಗುವಾಗ ಅಂಬೋಲಿ ಘಾಟ್ ಇಳಿಯುತ್ತಾ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಅರ್ಧ ಗಂಟೆ ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಸರಿಯಾಯಿತು. ಸರ್ವೀಸ್‌ನವರು ಏನೂ ಪ್ರಾಬ್ಲಂ ಇಲ್ಲ ಅಂದರು. ಹೆಂಡತಿ ಮಾತ್ರ ಅಂದಿನಿಂದ ಟ್ರ್ಯಾಕ್ ಬೇಡವೇ ಬೇಡ ಅನ್ನುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹತ್ತು ವಿಷಯ ಇವೆ. ಅದರಲ್ಲಿ ಕೊನೆಗೆ 'ಇನ್ನೊಂದು ವಿಷಯ' ಅಂತ ಬರೆದಿದ್ದೀರಲ್ಲ, ನನಗೆ ಮುಖ್ಯ ಅನಿಸಿದ್ದು ಅದೊಂದೇ. ನಿಮ್ಮ ಮನೆಯವರಿಗೆ ಗಾಡಿಯ ಬಗ್ಗೆ ಗ್ಯಾರೇಜಿನವರಿಗಿಂತ ಜಾಸ್ತಿ ಗೊತ್ತಾಗಿದೆ. ಬೇಡವೇ ಬೇಡ ಅನ್ನಬೇಕಾಗಿಲ್ಲ, ಆದರೆ ಆ ಬ್ರೇಕಿನ ಕೆಲಸ ಮುಗಿಯುವ ತನಕ ಟ್ರ್ಯಾಕ್ ಬಿಡಿ, ಘಾಟ್ ಕೂಡ ಬೇಡ.

ನಾನು ಧಾರವಾಡದವನು. ಪುಣೆಯ ಭೋಸರಿಯಲ್ಲಿ ಗ್ಯಾರೇಜ್ ಹಾಕಿ 22 ವರ್ಷ ಆಯಿತು. ಟ್ರ್ಯಾಕಿಗೆ ಹೋಗುವವರ ಗಾಡಿಗಳನ್ನು ತಯಾರು ಮಾಡಿ, ಎಷ್ಟೋ ಸಲ ಜೊತೆಗೆ ಹೋಗಿ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗದಲ್ಲಿ, ನಿಂತಿದ್ದೇನೆ. ಈ ಮೆತ್ತಗಾಗುವ ಪೆಡಲಿನ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ಕೊನೆಗೆ ಅದೇ ಮಾತು: ನಿಲ್ಲಿಸಿದೆ, ಸರಿಯಾಯಿತು, ತೋರಿಸಿದೆ, ಏನೂ ಸಿಗಲಿಲ್ಲ.

ಸಿಗುವುದಿಲ್ಲ. ಯಾಕೆ ಅಂದರೆ, ಆವತ್ತು ಆಗಿದ್ದು ಇಷ್ಟು. ಪೆಡಲಿನಿಂದ ಚಕ್ರದ ತನಕ ಒತ್ತಡ ಒಯ್ಯುವುದು ಬ್ರೇಕ್ ಆಯಿಲ್. ಎಣ್ಣೆಯಂಥ ದ್ರವವನ್ನು ಅದುಮಿದರೆ ಕುಗ್ಗುವುದಿಲ್ಲ, ಅದಕ್ಕೇ ಪೆಡಲ್ ಗಟ್ಟಿ. ಘಾಟ್ ಇಳಿಯುವಾಗ ನೀವು ಗೇರನ್ನು ಡಿ-ಯಲ್ಲೇ ಬಿಟ್ಟು, ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದಿರಬೇಕು. ಚಕ್ರದ ಜೊತೆ ತಿರುಗುವ ಡಿಸ್ಕ್ ಕಾದು, ಅದನ್ನು ಹಿಡಿಯುವ ಪ್ಯಾಡ್ ಕಾದು, ಆ ಶಾಖ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗಿನ ಆಯಿಲಿಗೆ ಏರಿ, ಅದು ಕುದಿದಿದೆ. ಕುದಿದರೆ ಗುಳ್ಳೆ. ಗುಳ್ಳೆಯನ್ನು ಅದುಮಿದರೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲ ಎಲ್ಲ ಗುಳ್ಳೆ ಕುಗ್ಗಿಸಲಿಕ್ಕೇ ಖರ್ಚಾಗಿ ಚಕ್ರದ ತನಕ ತಲುಪಲೇ ಇಲ್ಲ. ಚಹಾ ಕುಡಿಯುವಷ್ಟರಲ್ಲಿ ತಣ್ಣಗಾಗಿ ಆವಿ ಮತ್ತೆ ದ್ರವವಾಯಿತು. ಸರ್ವೀಸ್‌ನವರು ತಣ್ಣಗಿನ ಗಾಡಿಯ ಪೆಡಲ್ ಒತ್ತಿ ನೋಡಿದರು. ಅವರೇನೂ ಸುಳ್ಳು ಹೇಳಲಿಲ್ಲ, ನೋಡಬೇಕಾದ್ದನ್ನು ನೋಡಲಿಲ್ಲ ಅಷ್ಟೇ.

ನೋಡಬೇಕಾಗಿದ್ದು ಆಯಿಲಿನ ವಯಸ್ಸು. ಹೆಚ್ಚಿನ ಕಾರುಗಳ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಮುಚ್ಚಳ ಎಷ್ಟೇ ಬಿಗಿ ಇದ್ದರೂ ರಬ್ಬರ್ ಪೈಪಿನ ಮೂಲಕ ನಿಧಾನವಾಗಿ ನೀರಿನಂಶ ಸೇರುತ್ತಲೇ ಇರುತ್ತದೆ. ಡಾಟ್ 4 ಅನ್ನುವ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿತು ಅಂದರೆ ಅದೇ ಆಯಿಲಿಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ಮುಂಬೈಯ ನಾಲ್ಕು ತಿಂಗಳ ಮಳೆ, ವರ್ಷವಿಡೀ ಕಡಲ ಗಾಳಿ! ಗೋಡೆಗೇ ಬೂಸ್ಟು ಹಿಡಿಯುವ ಊರಲ್ಲಿ ಬ್ರೇಕ್ ಆಯಿಲ್ ಒಣಗಿರಲಿ ಅಂದರೆ ಹೇಗೆ? ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಕಂಪನಿಗಳು ಹೇಳುತ್ತವೆ. ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಹಿಂದಿನ ಮಾಲೀಕರು ಯಾವಾಗ ಬದಲಾಯಿಸಿದರು ಅನ್ನುವುದಕ್ಕೆ ಬಿಲ್ ಸಿಗದಿದ್ದರೆ, ಬದಲಾಯಿಸಿಲ್ಲ ಅಂತಲೇ ಹಿಡಿಯಿರಿ.

ಈಗ ಟ್ರ್ಯಾಕಿನ ಲೆಕ್ಕ ನೋಡಿ, ನಿಮಗೆ ಅರ್ಥವಾಗುವ ಅಡುಗೆಮನೆ ಭಾಷೆಯಲ್ಲೇ ಹೇಳುತ್ತೇನೆ. ನಿಮ್ಮ ಗಾಡಿ, ನೀವು ಸೇರಿ ಸುಮಾರು 1,400 ಕೆ.ಜಿ. ಗಂಟೆಗೆ 180ರ ವೇಗದಿಂದ 80ಕ್ಕೆ ಒಂದು ಸಲ ಇಳಿಸಿದರೆ ಹುಟ್ಟುವ ಶಾಖ ಸುಮಾರು 14 ಲಕ್ಷ ಜೂಲ್. ಹೆಚ್ಚುಕಡಿಮೆ ಐದು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ನಿಮ್ಮ ಭಟ್ಟರು ದೊಡ್ಡ ಉರಿಯ ಒಲೆ ಹಚ್ಚಿ ನಿಮಿಷಗಟ್ಟಲೆ ಕಾಯುವ ಕೆಲಸ ಇಲ್ಲಿ ಮೂರ್ನಾಲ್ಕು ಸೆಕೆಂಡಿನಲ್ಲಿ, ಅದರ ಬಹುಪಾಲು ಮುಂದಿನ ಚಕ್ರಗಳ ಎರಡು ಡಿಸ್ಕಿನಲ್ಲೇ ಆಗಬೇಕು. ಮುಂದಿನ ತಿರುವಿಗೆ ಮತ್ತೆ ಒಂದು ಪಾತ್ರೆ. ಹೀಗೆ 15 ನಿಮಿಷದ ಒಂದು ಸೆಷನ್.

ಹಾಗಾಗಿ ರಿಮ್ಯಾಪ್ ಬೇಕಾ ಅಂತ ಕೇಳಿದರೆ ನನ್ನ ಉತ್ತರ ಬೇಡ. ರಿಮ್ಯಾಪ್ ಮಾಡುವ ಕೆಲಸವೇ ಕೆಟ್ಟದ್ದು ಅಂತಲ್ಲ, ನಾನೂ ಮಾಡುತ್ತೇನೆ. ಆದರೆ ನಿಮ್ಮ ಟಿಟಿಯ 2 ಲೀಟರ್ ಟರ್ಬೊ ಎಂಜಿನ್ ಹುಟ್ಟಿನಿಂದಲೇ 230 ಅಶ್ವಶಕ್ತಿ ಕೊಡುತ್ತದೆ. ಮೊದಲ ಸಲ ಹೋಗುವವರಿಗೆ ಅದರಲ್ಲಿ ಅರ್ಧ ಬಳಸಲಿಕ್ಕೂ ಬರುವುದಿಲ್ಲ. ಪವರ್ ಏರಿಸಿದರೆ ನೇರ ದಾರಿಯ ಕೊನೆಗೆ ವೇಗ ಏರುತ್ತದೆ. ವೇಗ ಸ್ವಲ್ಪ ಏರಿದರೂ ಬ್ರೇಕಿನ ಶಾಖ ಅದರ ವರ್ಗದಷ್ಟು ಏರುತ್ತದೆ, ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಅಂದರೆ ಈಗಾಗಲೇ ಘಾಟಿನಲ್ಲಿ ಸೋತ ಬ್ರೇಕಿನ ತಲೆಯ ಮೇಲೆ ಇನ್ನೊಂದು ಮೂಟೆ ಹೊರಿಸಿದ ಹಾಗೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಶಾಖ ಬೇರೆ.

ದೊಡ್ಡ ಬ್ರೇಕ್ ಕಿಟ್ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ದೊಡ್ಡ ಡಿಸ್ಕ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಈಗಿರುವ ಬ್ರೇಕನ್ನೇ ಗಟ್ಟಿಯಾಗಿ ಒತ್ತಿದರೆ, ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕೆಲಸ ಮಾಡುತ್ತದೆ ಅಲ್ವಾ? ಹಾಗಿದ್ದರೆ ಚಕ್ರ ತಡೆಯುವ ಬಲಕ್ಕೆ ಕೊರತೆ ಇಲ್ಲ, ಕೊರತೆ ಇರುವುದು ಟೈರಿನ ಹಿಡಿತಕ್ಕೆ. ದೊಡ್ಡ ಡಿಸ್ಕ್ ಮಾಡುವ ಕೆಲಸ ಶಾಖವನ್ನು ಜಾಸ್ತಿ ಹೊತ್ತು ತಾಳುವುದು. ನಾಲ್ಕೈದು ಸಲ ಹೋಗಿ ಬಂದ ಮೇಲೆ, ನಿಮ್ಮ ವೇಗ ಏರಿ ಒಳ್ಳೆಯ ಪ್ಯಾಡ್ ಕೂಡ ಸೋಲುತ್ತಿದೆ ಅನಿಸಿದರೆ ಆಗ ಯೋಚಿಸಿ. ಈಗ ಮಾಡಿಸಬೇಕಾದ್ದು ಇಷ್ಟು: ಹಳೆ ಆಯಿಲ್ ಪೂರ್ತಿ ತೆಗೆಸಿ 300 ಡಿಗ್ರಿ ದಾಟಿದ ಮೇಲೇ ಕುದಿಯುವ ರೇಸಿಂಗ್ ದರ್ಜೆಯ ಆಯಿಲ್, ಬದಲಾಯಿಸಿದ ಮೇಲೆ ಗಾಳಿ ಉಳಿಯದ ಹಾಗೆ ನಾಲ್ಕೂ ಚಕ್ರದಲ್ಲಿ ಬ್ಲೀಡಿಂಗ್, ಮುಂದಿನ ಚಕ್ರಗಳಿಗೆ ಟ್ರ್ಯಾಕ್ ಬಳಕೆಗೂ ಆಗುವ ಪ್ಯಾಡ್, ಡಿಸ್ಕಿನ ದಪ್ಪ ಮತ್ತು ಬಿರುಕಿನ ಪರೀಕ್ಷೆ. ಡಾಟ್ 5 ಅಂತ ಬರೆದ ಡಬ್ಬಿ ಯಾರಾದರೂ ತಂದರೆ ವಾಪಸ್ ಕಳಿಸಿ. ಅದು ಸಿಲಿಕೋನ್, 5.1 ಬೇರೆ ಇದು ಬೇರೆ, ನಿಮ್ಮ ಗಾಡಿಗೆ ಆಗುವುದಿಲ್ಲ. ರೇಸಿಂಗ್ ಆಯಿಲ್ ಹಾಕಿದ ಮೇಲೆ ವರ್ಷ ಎರಡು ವರ್ಷ ಮರೆತುಬಿಡುವ ಹಾಗೂ ಇಲ್ಲ. ನನ್ನ ಗಿರಾಕಿಗಳಿಗೆ ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಬದಲಾಯಿಸಿಯೇ ಕಳಿಸುತ್ತೇನೆ.

ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸದೆ ನೇರ ಟ್ರ್ಯಾಕಿಗೆ ಇಳಿದರೆ ಇನ್ನೊಂದು ತಮಾಷೆ. ಆಗ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಈ ವ್ಯತ್ಯಾಸ ನೆನಪಿಡಿ. ಪೆಡಲ್ ಮೆತ್ತಗಾದರೆ ಆಯಿಲ್, ಪೆಡಲ್ ಗಟ್ಟಿ ಇದ್ದೂ ನಿಲ್ಲದಿದ್ದರೆ ಪ್ಯಾಡ್. ಎರಡಕ್ಕೂ ಅಲ್ಲಿಯೇ ಮಾಡುವ ಮದ್ದು ಒಂದೇ, ನಿಧಾನ ಮಾಡಿ ಒಳಗೆ ಬನ್ನಿ. ಪ್ಯಾಡ್ ಕೂರಿಸಲಿಕ್ಕೆ ಖಾಲಿ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, 60ರಿಂದ 10ಕ್ಕೆ ಎಂಟು ಹತ್ತು ಸಲ ಬ್ರೇಕ್ ಹಾಕಬೇಕು. ಪೂರ್ತಿ ನಿಲ್ಲಿಸಬಾರದು. ಆಮೇಲೆ ಹತ್ತು ನಿಮಿಷ ಸುಮ್ನೆ ಓಡಿಸಿ ಗಾಳಿಗೆ ತಣಿಸಬೇಕು. ನಮ್ಮ ಗ್ಯಾರೇಜಿನ ಹುಡುಗರು ಇದನ್ನು ಭಾನುವಾರ ಬೆಳಗ್ಗೆ ಚಾಕಣ್ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಮಾಡಿಕೊಂಡು ಬರುತ್ತಾರೆ. ಬಂದಾಗ ಗಾಡಿಯ ಸುತ್ತ ಸುಟ್ಟ ವಾಸನೆ, ಡಿಸ್ಕಿನ ಮೇಲೆ ನೀಲಿ-ಬೂದು ಬಣ್ಣದ ತೆಳುವಾದ ಪೊರೆ ಸಮನಾಗಿ ಕೂತಿರುತ್ತದೆ. ಅದು ಕಂಡರೆ ಕೆಲಸ ಆಯಿತು ಅಂತ ಅರ್ಥ.

ಟೈರು. 4217 ಅಂದರೆ 2017ರ 42ನೇ ವಾರ, ಅಂದರೆ ಅಕ್ಟೋಬರಿನಲ್ಲಿ ತಯಾರಾದದ್ದು. ಗೀರು ಇರಬಹುದು, ರಬ್ಬರು ಸತ್ತಿದೆ. ಉಗುರಿನಿಂದ ಒತ್ತಿ ನೋಡಿ, ಹೊಸ ಟೈರಿನಲ್ಲಿ ಉಗುರು ಇಳಿಯುತ್ತದೆ, ಇದರಲ್ಲಿ ಜಾರುತ್ತದೆ. ಆರು ವರ್ಷ ದಾಟಿದ ಟೈರನ್ನು ನಾನು ಟ್ರ್ಯಾಕಿಗೆ ಬಿಡುವುದಿಲ್ಲ, ಗಿರಾಕಿ ಮುನಿಸಿಕೊಂಡರೂ ಸರಿ. ರಿಮ್ಯಾಪಿಗೆ ಅಂತ ಎತ್ತಿಟ್ಟ ದುಡ್ಡು ಇಲ್ಲಿಗೆ ಹಾಕಿ.

ನೈಟ್ರೋಜನ್ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಸುತ್ತಲಿನ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಬಿಸಿಯಾದಾಗ ಎರಡೂ ಒಂದೇ ಥರ ಹಿಗ್ಗುತ್ತವೆ. ತೇವ ಇಲ್ಲದಿರುವುದು ಒಂದೇ ಲಾಭ. ಸುಮ್ನೆ ಗಾಳಿ ಹಾಕಿ, ಒಳ್ಳೆಯ ಗೇಜ್ ಒಂದು ತಗೊಳ್ಳಿ. ಟೈರಿನ ಬಿಸಿ ಆರು ಡಿಗ್ರಿ ಏರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಗ್ಗೆ 34 ಇಟ್ಟು ಹೊರಟರೆ ನಾಲ್ಕೈದು ಸುತ್ತಿಗೆ 41, 42 ಆಗಿರುತ್ತದೆ. ಬಲೂನಿನ ಹಾಗೆ ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಗಾಡಿ ಜಾರುತ್ತದೆ. ಅದಕ್ಕೆ ಒಳಗೆ ಬಂದ ತಕ್ಷಣ, ಬಿಸಿ ಇರುವಾಗಲೇ ಅಳೆದು 36ರ ಆಸುಪಾಸಿಗೆ ಇಳಿಸಿ. ತೀರಾ ಇಳಿಸಿದರೆ ಟೈರಿನ ಅಂಚೇ ಮಡಚುತ್ತದೆ. ಅದು ತಿಳಿಯಲಿಕ್ಕೆ ನಾವು ಟೈರಿನ ಭುಜದ ಮೇಲೆ ಬಿಳಿ ಶೂ ಪಾಲಿಷ್ ಹಚ್ಚುತ್ತೇವೆ. ಪಾಲಿಷ್ ಎಲ್ಲಿ ತನಕ ಅಳಿಸಿದೆಯೋ ಅಲ್ಲಿ ತನಕ ಟೈರ್ ಮಡಚಿದೆ. ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೆ ಗಾಳಿ ತುಂಬಿಸುವುದನ್ನು ಬಹಳ ಜನ ಮರೆಯುತ್ತಾರೆ. ತಣ್ಣಗಾದ ಟೈರಿನಲ್ಲಿ ಆಗ 28, 29 ಇರುತ್ತದೆ, ಅದರಲ್ಲೇ ಹೈವೇ ಹಿಡಿಯುತ್ತಾರೆ.

ಪ್ಯಾಡ್, ಟೈರ್ ಅಂತ ಚಕ್ರ ಬಿಚ್ಚಿದ ಮೇಲೆ ಬೋಲ್ಟ್ ಬಿಗಿಯುವ ಕೆಲಸ. ನಿಮ್ಮ ಗಾಡಿಗೆ 120 ನ್ಯೂಟನ್ ಮೀಟರ್, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ. ಇದನ್ನು ಒತ್ತಿ ಹೇಳಲಿಕ್ಕೆ ಕಾರಣ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಗಿರಾಕಿಯ ಗಾಡಿಗೆ ಪಿಟ್‌ನಲ್ಲೇ ಅವಸರದಲ್ಲಿ ಪ್ಯಾಡ್ ಬದಲಾಯಿಸಿದೆ. ಬೋಲ್ಟ್ ಕೈಯಲ್ಲಿ ಕೂರಿಸಿದೆ, ಅಷ್ಟರಲ್ಲಿ ಯಾರೋ ಕರೆದರು, ಹೋದೆ. ಹುಡುಗ ಮುಗಿಸಿರುತ್ತಾನೆ ಅಂತ ನಾನು, ನಾನು ಮುಗಿಸಿದ್ದೇನೆ ಅಂತ ಹುಡುಗ. ಎರಡನೇ ಸುತ್ತಿನಲ್ಲಿ ಸ್ಟೀರಿಂಗ್ ಅದುರುತ್ತಿದೆ ಅಂತ ಗಿರಾಕಿ ವಾಪಸ್ ಬಂದರು. ಐದರಲ್ಲಿ ಮೂರು ಬೋಲ್ಟ್ ಬೆರಳಲ್ಲಿ ತಿರುಗುತ್ತಿದ್ದವು. ತಪ್ಪು ನನ್ನದೇ. ಅಂದಿನಿಂದ ಬಿಗಿದ ಬೋಲ್ಟಿನ ಮೇಲೆ ಹಳದಿ ಮಾರ್ಕರ್ ಗೆರೆ ಎಳೆಯದೆ ಗಾಡಿ ಕೆಳಗಿಳಿಸುವುದಿಲ್ಲ. ನೀವೂ ಪ್ರತಿ ಸೆಷನ್ ಆದ ಮೇಲೆ ಆ ಗೆರೆ ನೋಡಿ.

ಎಂಜಿನ್ ಸಿಡಿಯುತ್ತದಾ ಅನ್ನುವ ಭಯ ಬೇಡ, ಆಯಿಲ್ ಸರಿ ಇದ್ದರೆ. ಹೋಗುವ ಮುಂಚೆ ಹೊಸ ಎಂಜಿನ್ ಆಯಿಲ್, ಮಟ್ಟ ಮೇಲಿನ ಗುರುತಿನ ಹತ್ತಿರ, ಅದರ ಮೇಲೆ ಅಲ್ಲ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ವಾಲುತ್ತದೆ, ಮಟ್ಟ ಕಡಿಮೆ ಇದ್ದರೆ ಪಂಪಿಗೆ ಗಾಳಿ ಸಿಗುತ್ತದೆ. ಗೇರ್‌ಬಾಕ್ಸ್ ಆಯಿಲಿನ ಗಡುವು 60,000 ಕಿ.ಮೀ. ಅಂತ ಪುಸ್ತಕ ಹೇಳುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ನಾನು ಮೊದಲೇ ಬದಲಾಯಿಸಿ ಅನ್ನುತ್ತೇನೆ. ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ ಬೇಕು ಅಂತ ಬರೆದಿರುತ್ತದೆ, ಅಷ್ಟು ಹಾಕಿದರೆ ಸಾಕು. 100 ಆಕ್ಟೇನ್ ಹಾಕಿದ ಮಾತ್ರಕ್ಕೆ ಗಾಡಿಗೆ ರೆಕ್ಕೆ ಬರುವುದಿಲ್ಲ.

ಇನ್ನು ನೀವು, ಅಂದರೆ ಡ್ರೈವರ್. ಖಂಡಾಲಾ ಘಾಟಿನ ಪ್ರಾಕ್ಟೀಸ್ ನಿಲ್ಲಿಸಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಅದಕ್ಕಿಂತ ಮುಖ್ಯ, ಘಾಟ್ ಕಲಿಸುವ ಪಾಠವೇ ಬೇರೆ. ಅಲ್ಲಿ ತಿರುವಿನ ಆಚೆ ಲಾರಿ ಇರಬಹುದು ಅಂತ ಹೆದರಿ ಓಡಿಸಬೇಕು. ಟ್ರ್ಯಾಕಿನಲ್ಲಿ ದೂರಕ್ಕೆ, ತಿರುವಿನ ಕೊನೆಗೆ ಕಣ್ಣು ನೆಟ್ಟು ಓಡಿಸಬೇಕು. ಒಂದಕ್ಕೆ ಅಭ್ಯಾಸವಾದ ಕಣ್ಣು ಇನ್ನೊಂದಕ್ಕೆ ಬರುವುದಿಲ್ಲ. ಬೇಕಾದರೆ ಕೊಲ್ಹಾಪುರದ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿ ಓಡಿಸುವ) ಟ್ರ್ಯಾಕಿಗೆ ಒಂದು ದಿನ ಹೋಗಿ ಬನ್ನಿ. ನೇರ ಇರುವಾಗಲೇ ಬ್ರೇಕ್ ಮುಗಿಸಿ ಆಮೇಲೆ ತಿರುಗಿಸುವುದು, ತಿರುವಿನಿಂದ ಹೊರಬರುವಾಗ ಮಾತ್ರ ಆಕ್ಸಿಲರೇಟರ್ ಒತ್ತುವುದು, ಈ ಎರಡು ವಿಷಯ ಕಾರ್ಟ್ ಕಲಿಸುವಷ್ಟು ಚೆನ್ನಾಗಿ ಯಾರೂ ಕಲಿಸುವುದಿಲ್ಲ. ಮೈಕೈ ನೋವು ಎರಡು ದಿನ ಇರುತ್ತದೆ, ಅದೂ ಪಾಠವೇ.

ಇರುಂಗಾಟ್ಟುಕೋಟೈ ಟ್ರ್ಯಾಕ್ 1990ರಿಂದ ಇದೆ. ನಡೆಸುವುದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ಉದ್ದ 3.7 ಕಿ.ಮೀ. ಹೊಸಬರಿಗೆ ಒಳ್ಳೆಯ ಜಾಗ, ಆದರೆ ವೇಗದ ಜಾಗ. ಮೊದಲ ಸೆಷನ್ ಪೂರ್ತಿ ದಾರಿ ಕಲಿಯಲಿಕ್ಕೆ ಅಂತಲೇ ಇಡಿ. ಗಾಡಿ ಜಾರಿದರೆ ಸಂಭಾಳಿಸುವ ಇಎಸ್‌ಪಿ ಆಫ್ ಮಾಡಬೇಡಿ. ಪಕ್ಕದಲ್ಲಿ ಕೂರುವ ಇನ್‌ಸ್ಟ್ರಕ್ಟರ್ ಸಿಗುತ್ತಾರಾ ಅಂತ ಆಯೋಜಕರನ್ನು ಕೇಳಿ. ಬಾವುಟಗಳ ಅರ್ಥ ಬಾಯಿಪಾಠ ಇರಲಿ: ಹಳದಿ ಕಂಡರೆ ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ಸೆಷನ್ ನಿಂತಿದೆ, ನಿಧಾನವಾಗಿ ಪಿಟ್ಟಿಗೆ. ನೀಲಿ ಅಂದರೆ ಹಿಂದೆ ನಿಮಗಿಂತ ಜೋರಾದವರು ಇದ್ದಾರೆ. ಪ್ರತಿ ಸೆಷನ್ನಿನ ಕೊನೆಯ ಸುತ್ತು ಬ್ರೇಕ್ ಮುಟ್ಟದ ಹಾಗೆ ಮೆಲ್ಲಗೆ ಓಡಿಸಿ ಗಾಡಿ ತಣಿಸಿ. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಬೇಡ, ಕಾದ ಡಿಸ್ಕಿಗೆ ಪ್ಯಾಡ್ ಅಂಟಿಕೊಳ್ಳುತ್ತದೆ. ಗೇರ್ ಪಿ-ಯಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮಧ್ಯಾಹ್ನದ ಊಟ! ಹೋಟೆಲಿನವರಿಗೆ ಹೇಳಲಿಕ್ಕೆ ಸಂಕೋಚ, ಆದರೂ ಹೇಳುತ್ತೇನೆ. ನಾನು ನೋಡಿದ ಮಟ್ಟಿಗೆ ಟ್ರ್ಯಾಕ್ ಬಿಟ್ಟು ಮಣ್ಣಿಗೆ ಇಳಿಯುವ ಗಾಡಿಗಳಲ್ಲಿ ಜಾಸ್ತಿ ಇಳಿಯುವುದು ಊಟ ಆದ ಮೇಲಿನ ಸೆಷನ್ನಿನಲ್ಲಿ. ಬೆಳಗ್ಗೆ ಇದ್ದ ಹೆದರಿಕೆ ಹೋಗಿ ಧೈರ್ಯ ಬಂದಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಚೆನ್ನೈ ಬಿಸಿಲಿಗೆ ಬೆವರು ಸುರಿದು ನೀರು ಕಡಿಮೆಯಾಗಿರುತ್ತದೆ. ಎರಡು ಇಡ್ಲಿ, ಮೊಸರನ್ನ, ಮಜ್ಜಿಗೆ, ಇಷ್ಟರಲ್ಲಿ ಮುಗಿಸಿ. ಬಿರಿಯಾನಿ ರಾತ್ರಿಗೆ.

ಹೆಲ್ಮೆಟ್ ಕಾರಿನದೇ ಬೇಕು. ಕಾರ್ ರೇಸಿನ ಹೆಲ್ಮೆಟ್ಟಿಗೆ ಕೊಡುವ ಸ್ನೆಲ್ ಎಸ್‌ಎ ಗುರುತು ಇದ್ದರೆ ಒಳಗಿನ ಬಟ್ಟೆ ಬೆಂಕಿ ತಡೆಯುವಂಥದ್ದು, ಬೈಕಿನ ಹೆಲ್ಮೆಟ್ಟಿಗೆ ಆ ಪರೀಕ್ಷೆ ಇಲ್ಲ. ಕೆಲವು ಕಡೆ ಬೈಕಿನದಕ್ಕೂ ಒಪ್ಪುತ್ತಾರೆ, ಮೊದಲೇ ಕೇಳಿಕೊಳ್ಳಿ. ಪೂರ್ತಿ ತೋಳಿನ ಹತ್ತಿ ಅಂಗಿ, ತೆಳು ಅಡಿಯ ಶೂ. ಸೀಟನ್ನು ಎಷ್ಟು ಮುಂದೆ ತಗೊಳ್ಳಬೇಕು ಅಂದರೆ, ಬೆನ್ನು ಸೀಟಿಗೆ ಅಂಟಿರುವಾಗ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಗಾಡಿಯೊಳಗಿನ ಮ್ಯಾಟ್, ನೀರಿನ ಬಾಟಲಿ ಎಲ್ಲವೂ ಹೊರಗೆ, ಫಾಸ್ಟ್ಯಾಗ್ ಒಂದು ಬಿಟ್ಟು. ಡ್ಯಾಶ್‌ಬೋರ್ಡಿನ ಗಣಪತಿಯೂ. ಭಕ್ತಿಗೆ ಕಡಿಮೆ ಅಂತಲ್ಲ, ಗಟ್ಟಿ ಬ್ರೇಕ್ ಹಾಕಿದಾಗ ಅವನು ಪೆಡಲಿನ ಕೆಳಗೆ ಬಂದು ಕೂತರೆ ವಿಘ್ನ ನಿವಾರಿಸುವವರು ಯಾರು? ಟೂಲ್‌ಕಿಟ್ಟಿನಲ್ಲಿ, ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ಕೊಕ್ಕೆ ಇದೆಯಾ ನೋಡಿ, ಮೊದಲೇ ಒಮ್ಮೆ ತಿರುಗಿಸಿ ಕೂರಿಸಿ ನೋಡಿ. ಕೆಲವು ಗಾಡಿಗಳಲ್ಲಿ ಅದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿ.

ಕೊನೆಯದು ದುಡ್ಡಿನ ರಿಸ್ಕ್. ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನುವ ಭಾಗ ಓದಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಆಯೋಜಿತ ರೇಸ್, ವೇಗದ ಪರೀಕ್ಷೆ ಇಂಥದ್ದನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕ್ ಡೇ ರೇಸ್ ಅಲ್ಲ ಅಂತ ನೀವು ವಾದಿಸಬಹುದು, ಕ್ಲೇಮ್ ಬರುತ್ತದೆ ಅಂತ ನಂಬಿ ಮಾತ್ರ ಹೋಗಬೇಡಿ. ಗೋಡೆಗೆ ತಾಗಿದರೆ ರಿಪೇರಿ ನಿಮ್ಮ ಜೇಬಿನಿಂದ. ಅದು ತಡೆಯುವುದಿಲ್ಲ ಅನಿಸಿದರೆ ಚೆನ್ನೈ, ಕೊಯಮತ್ತೂರಿನಲ್ಲಿ ರೇಸಿಂಗ್ ಸ್ಕೂಲುಗಳಿವೆ. ಅವರದೇ ಗಾಡಿ, ಅವರದೇ ಟೈರು. ಟಿಟಿ ಮನೆಯಲ್ಲಿ ತಣ್ಣಗೆ ನಿಂತಿರುತ್ತದೆ. ಮೊದಲ ಸಲಕ್ಕೆ ಇದು ನನಗೆ ಹಿಡಿಸುವ ದಾರಿ. ಆದರೆ ಸ್ವಂತ ಗಾಡಿಯ ಆಸೆ ಏನು ಅಂತ ನನಗೂ ಗೊತ್ತು.

ಸ್ವಂತ ಗಾಡಿಯಲ್ಲೇ ಹೋಗುವುದಾದರೆ, ಮುಂಬೈನಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಹೋಗುವ ಅದೇ ಎನ್‌ಎಚ್ 48 ಟ್ರ್ಯಾಕಿನ ಬಾಗಿಲ ತನಕ ಒಯ್ಯುತ್ತದೆ. ಒಂದೇ ದಿನಕ್ಕೆ ಹೊಡೆಯಬೇಡಿ, ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಮಲಗಿ. ವಾಪಸ್ ಬರುವಾಗ ಗಾಡಿ ಕೈಕೊಟ್ಟರೆ ಟ್ರಕ್ಕಿನಲ್ಲಿ ಹಾಕಿ ತರುವ ಖರ್ಚು ಮೊದಲೇ ಎತ್ತಿಡಿ. ಬ್ರೇಕ್ ಆಯಿಲ್ ಬದಲಾಯಿಸುವ ಕೆಲಸವನ್ನು ಮಾತ್ರ ಈ ವಾರವೇ ಮಾಡಿಸಿ, ಟ್ರ್ಯಾಕಿಗೆ ಹೋದರೂ ಸರಿ, ಬಿಟ್ಟರೂ ಸರಿ. ತೆಗೆದ ಹಳೆ ಆಯಿಲನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಕೊಡಲಿಕ್ಕೆ ಹೇಳಿ. ಹೊಸದು ತಿಳಿ ಬೆಲ್ಲದ ನೀರಿನ ಬಣ್ಣ. ನಿಮ್ಮದು ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಗೆ ಇದ್ದರೆ ಆ ಬಾಟಲಿಯನ್ನು ಮನೆಯವರಿಗೂ ತೋರಿಸಿ, ಅಂಬೋಲಿಯಲ್ಲಿ ಏನಾಯಿತು ಅಂತ ಅವರಿಗೆ ಬಿಡಿಸಿ ಹೇಳಲಿಕ್ಕೆ ಅದು ಸಾಕು.